ಆರುನೂರೈವತ್ತು ವ್ಯಾಟಿನ ಅಳಿಯ

“ಒಂದೇ ಒಂದು ವ್ಯಾಟ್ ದಂಡವಾದರೆ ಆಮೇಲೆ ಕೇಳು,” ಎಂದು ಅಳಿಯ ಹೆಂಡತಿಯೆದುರು ಶಪಥ ಮಾಡಿದ.

ಮರುದಿನ ಬೆಳಿಗ್ಗೆ ಒಂಬತ್ತರಿಂದ ಸಂಜೆ ಐದರವರೆಗೆ ಬೀದಿಗೆಲ್ಲ ಕರೆಂಟಿಲ್ಲ ಎಂದು ಪ್ರಕಟಣೆ ಬಂದಿತ್ತು; ಬಾಡಿಗೆಗೆ ಜನರೇಟರು ತರುವ ಹೊಣೆ ಅಳಿಯನದು. ಬೇರೆ ಮನೆಗಳಿಗೆ ಅದು ಬರೀ ಸೆಕೆಯ ಮಾತು. ಈ ಮನೆಯಲ್ಲಿ ಮಾವನ ಉಸಿರಿನ ಮಾತು. ಮೂವತ್ತು ವರ್ಷ ಹಿಟ್ಟಿನ ಗಿರಣಿ ನಡೆಸಿ, ಧೂಳು ಕುಡಿದು ಎದೆ ಕೆಡಿಸಿಕೊಂಡ ಮನುಷ್ಯ ಈಗ ಹಗಲೆಲ್ಲ ಆಕ್ಸಿಜನ್ ಮಿಷನ್ನಿನ ನಳಿಗೆಯನ್ನು ಮೂಗಿಗೆ ಸಿಕ್ಕಿಸಿಕೊಂಡಿರಬೇಕು. ಆಪತ್ತಿಗೆಂದು ಇಟ್ಟ ಪುಟ್ಟ ಸಿಲಿಂಡರು ಬರುವುದು ಇಪ್ಪತ್ತೇ ನಿಮಿಷ.

“ಅಪ್ಪನ್ನ ಒಂದ್ಮಾತು ಕೇಳ್ರೀ,” ಎಂದಳು ಹೆಂಡತಿ.

“ಪಾಪ, ಅವರಿಗ್ಯಾಕೆ ತೊಂದರೆ?”

ಅಳಿಯ ರಟ್ಟಿನ ಪೆಟ್ಟಿಗೆ ಕಾರ್ಖಾನೆಯ ನೌಕರ. ಎಂಥ ಸಾಮಾನಿಗೂ ಒಳಗೆ ಕಡ್ಡಿ ತೂರದಷ್ಟು ಬಿಗಿಯಾದ ಪೆಟ್ಟಿಗೆಯ ಅಳತೆ ಹೇಳಬಲ್ಲ. ಅಲ್ಲಿ ಅವನ ಬಿರುದು ಪೆಟ್ಟಿಗೆ ಪಂಡಿತ. ಪಂಡಿತರು ಮನೆಯೆಲ್ಲ ಸುತ್ತಿ, ಸಾಮಾನುಗಳ ಬೆನ್ನಿಗಂಟಿದ ಚೀಟಿಗಳನ್ನು ಓದಿದರು. ಮಿಷನ್ನಿಗೆ ಮುನ್ನೂರೈವತ್ತು ವ್ಯಾಟ್, ಫ್ರಿಜ್ಜಿಗೆ ನೂರೆಂಬತ್ತು, ಫ್ಯಾನು ಎಪ್ಪತ್ತೈದು, ದೀಪ ಇಪ್ಪತ್ತು. ಒಟ್ಟು ಆರುನೂರ ಇಪ್ಪತ್ತೈದು.

“ಎರಡು ಸಾವಿರ ವ್ಯಾಟಿನದ್ದು ಒಯ್ಯಿರಿ ಸರ್,” ಎಂದ ಜನರೇಟರ್ ಬಾಡಿಗೆ ಕೊಡುವವನು.

“ಮಿಕ್ಕ ಜಾಗದಲ್ಲಿ ಏನು ತುಂಬಲಿ? ಆರುನೂರೈವತ್ತರದ್ದು ಕೊಡಿ.”

ಮರುದಿನ ಕರೆಂಟು ಹೋಯಿತು. ಅಂಗಳದಲ್ಲಿ ಜನರೇಟರು ಗುನುಗಿತು, ಮಿಷನ್ನು ಉಸಿರಾಡಿತು. ಅಳಿಯ ರಾಜ್ಯ ಗೆದ್ದವನಂತೆ ಓಡಾಡಿದ, ನಲವತ್ತು ನಿಮಿಷ.

ಅಷ್ಟರಲ್ಲಿ, ಅಲ್ಲಿಯತನಕ ತಣ್ಣಗೆ ನಿದ್ದೆಯಲ್ಲಿದ್ದ ಫ್ರಿಜ್ಜು ಗುರ್ರೆಂದು ಎದ್ದಿತು. ದೀಪ ಮಂಕಾಯಿತು. ಜನರೇಟರು ಒಮ್ಮೆ ಬಿಕ್ಕಿ ನಿಂತೇಹೋಯಿತು. ಮಿಷನ್ನು ಕಿರುಚತೊಡಗಿತು.

ಹೆಂಡತಿ ನಳಿಗೆಯನ್ನು ಸಿಲಿಂಡರಿಗೆ ಸಿಕ್ಕಿಸಿದಳು. “ಏನ್ರೀ ಆಯ್ತು?”

“ಏನಿಲ್ಲ, ಏನಿಲ್ಲ,” ಎನ್ನುತ್ತ ಅಳಿಯ ಅಂಗಳಕ್ಕೆ ಓಡಿ ಹಗ್ಗ ಜಗ್ಗಿದ. ಜನರೇಟರು ಚಾಲೂ ಆಯಿತು, ಫ್ರಿಜ್ಜು ಗುರ್ರೆಂದಿತು, ಎರಡೂ ಸತ್ತವು. ಮತ್ತೆ ಜಗ್ಗಿದ. ಮತ್ತೆ ಸತ್ತವು. ಹತ್ತು ಸಲ, ಹದಿನೈದು ಸಲ. ಒಳಗಿನಿಂದ ಹೆಂಡತಿ ಸಿಲಿಂಡರಿನ ಮುಳ್ಳು ನೋಡಿ ಕೂಗುತ್ತಿದ್ದಳು: “ಅರ್ಧ ಆಯ್ತು... ಕಾಲು ಉಳೀತು... ರೀ, ಮುಳ್ಳು ಕೆಂಪಿಗೆ ಬಂತು.”

ಬೆವರಿನಲ್ಲಿ ತೊಯ್ದು ಅಳಿಯ ಒಳಗೆ ಬಂದಾಗ ಮಾವ ಫ್ರಿಜ್ಜಿನತ್ತ ಬೆರಳು ತೋರಿಸುತ್ತಿದ್ದರು.

“ನೀರು ಬೇಕಾ ಅಪ್ಪ? ಮಾತಾಡ್ಬೇಡ, ತರ್ತೀನಿ,” ಎಂದಳು ಹೆಂಡತಿ.

ಮಾವ ಅಲ್ಲವೆಂದು ತಲೆಯಾಡಿಸಿ ಮತ್ತೆ ತೋರಿಸಿದರು.

“ಮಾತ್ರೆನಾ ಮಾವ?” ಅಳಿಯ ಬಾಗಿಲು ತೆಗೆದು ಒಳಗೆ ತಡಕಾಡಿದ. “ಔಷಧಿನಾ? ಮೊಸರಾ?”

ಮಾವ ಉಳಿದ ಉಸಿರನ್ನೆಲ್ಲ ಒಟ್ಟುಗೂಡಿಸಿದರು. “ಅದರ... ಪ್ಲಗ್ಗು... ಕೀಳಿ.”

ಅಳಿಯ ಕಿತ್ತ. ಅಂಗಳಕ್ಕೆ ಓಡಿದ. ತೋಳು ಎತ್ತಲೂ ಆಗುತ್ತಿರಲಿಲ್ಲ. ಎರಡು ಕೈಯಲ್ಲೂ ಹಿಡಿದು ಜಗ್ಗಿದ. ಜನರೇಟರು ಗುನುಗಿತು. ನಿಲ್ಲುತ್ತದೆ ಎಂದು ಕಾದ. ನಿಲ್ಲಲಿಲ್ಲ. ಒಳಗೆ ಮಿಷನ್ನು ಮೆಲ್ಲಗೆ ಪುಸ್ ಎಂದಿತು. ಹೆಂಡತಿ ನಳಿಗೆ ಬದಲಿಸುವಾಗ ಸಿಲಿಂಡರಿನ ಮುಳ್ಳು ಸೊನ್ನೆ ಮುಟ್ಟಿತ್ತು.

ಸ್ವಲ್ಪ ಹೊತ್ತಿನಲ್ಲೇ ಮಾವನ ತುಟಿಗೆ ಬಣ್ಣ ಮರಳಿತು.

“ಲೆಕ್ಕ... ಸರಿ ಇತ್ತಲ್ಲ... ಮಾವ,” ಎಂದ ಅಳಿಯ, ಏದುಸಿರು ಬಿಡುತ್ತ ಗೋಡೆಗೊರಗಿ ನೆಲದ ಮೇಲೆ ಕುಸಿದು.

“ನಾನು ಕೂತಿರೋವಾಗ ಎಷ್ಟು ಜನ ಬೇಕು?”

“ಯಾರೂ... ಬೇಡ.”

“ಕುರ್ಚಿಯಿಂದ ಏಳೋವಾಗ?”

“ಇಬ್ಬರು... ಹಿಡೀಬೇಕು.”

“ಫ್ರಿಜ್ಜೂ ಹಂಗೇ. ಓಡೋವಾಗ ನೂರೆಂಬತ್ತು. ಏಳೋವಾಗ ಅದರ ನಾಲ್ಕೈದು ಪಟ್ಟು. ಚೀಟೀಲಿ ಏಳೋ ಲೆಕ್ಕ ಬರೆದಿರಲ್ಲ. ಗಿರಣಿ ಮೋಟರು ನನಗೆ ಮೊದಲನೇ ದಿನವೇ ಕಲಿಸ್ತು.”

ಅಳಿಯ ಮತ್ತೇನೋ ವಾದಿಸಲು ಹೊರಟ. ಆದರೆ ಹಗ್ಗ ಜಗ್ಗಿ ಜಗ್ಗಿ ದಮ್ಮೇ ಉಳಿದಿರಲಿಲ್ಲ. ಬಾಯಿ ತೆರೆದರೆ ಬರೀ ಹುಸ್ ಹುಸ್ ಎನ್ನುವ ಸದ್ದು. ಮಾವ ಅವನನ್ನು ಕ್ಷಣಕಾಲ ನೋಡಿ, ಮೂಗಿನ ನಳಿಗೆ ಸಡಿಲಿಸುತ್ತ ಮಗಳ ಕಡೆ ತಿರುಗಿದರು.

“ಇದನ್ನ ಎರಡು ನಿಮಿಷ ಅಳಿಯಂದಿರಿಗೆ ಹಾಕಮ್ಮ. ನನಗಿಂತ ಅವರ ಸ್ಥಿತಿ ಗಂಭೀರವಾಗಿದೆ.”