ಮಂಚದ ಕೆಳಗಿನ ದೇವರು

ಮುಚ್ಚಿಟ್ಟು ಏನು ಮಾಡಲಿ, ಹೇಳಿಯೇ ಬಿಡುತ್ತೇನೆ. ಎಷ್ಟೋ ವರ್ಷ ನಾನು ದೇವರನ್ನು ಗೊಬ್ಬರದ ಚೀಲದಲ್ಲಿ ತುಂಬಿ, ಮಂಚದ ಕೆಳಗೆ ತಳ್ಳಿ, ಮೇಲೆ ಗೊರಕೆ ಹೊಡೆಯುತ್ತ ಮಲಗಿದ್ದೇನೆ. ಇದರಲ್ಲಿ ನನ್ನ ತಪ್ಪಿಗಿಂತ ಪ್ರೆಸ್ಸಿನವರ ತಪ್ಪು ಹೆಚ್ಚು. ನಾನು ಚಿಕ್ಕವಳಿದ್ದಾಗ ದೇವರು ದೇವರಮನೆಯ ಜಗುಲಿಯ ಮೇಲೆ ಇರುತ್ತಿದ್ದ, ಗುಡಿಯಲ್ಲಿ ಇರುತ್ತಿದ್ದ. ಈಗ ಊದಿನಕಡ್ಡಿ ಪೊಟ್ಟಣದ ಮೇಲೆ ಇದ್ದಾನೆ, ಕರ್ಪೂರದ ಡಬ್ಬಿಯ ಮೇಲೆ ಇದ್ದಾನೆ, ಅಕ್ಕಿ ಚೀಲದ ಮೇಲೆ ಇದ್ದಾನೆ. ಅಂಗಡಿಯವರು ಪುಕ್ಕಟೆ ಕೊಡುವ ಕ್ಯಾಲೆಂಡರಿನಲ್ಲಂತೂ ತಿಂಗಳಿಗೊಬ್ಬ. ಪಟಾಕಿಯ ಮೇಲೆ ದೇವಿಯನ್ನು ಅಚ್ಚು ಹಾಕುತ್ತಾರೆ. ಬೆಂಕಿ ಹಚ್ಚಿದರೆ ದೇವಿ ಢಂ ಎಂದು ಚೂರುಚೂರಾಗುತ್ತಾಳೆ, ಅದಕ್ಕೆ ಯಾರೂ ಚಕಾರ ಎತ್ತುವುದಿಲ್ಲ. ಆದರೆ ಅದೇ ಪೊಟ್ಟಣವನ್ನು ಕಸಬರಿಗೆಯಿಂದ ಗುಡಿಸಿದರೆ ಮಾತ್ರ ಪಾಪ. ಎಲ್ಲಕ್ಕಿಂತ ದೊಡ್ಡ ಕಾಟ ಮದುವೆ ಕಾರ್ಡುಗಳದು. ನಮ್ಮ ಕಡೆ ಗಣಪತಿ ಇಲ್ಲದ ಮದುವೆ ಕಾರ್ಡು ನಾನು ನೋಡಿಲ್ಲ. ಮದುವೆಯಾದವರು ಒಂದು ವಾರಕ್ಕೆ ಕಾರ್ಡನ್ನು ಮರೆಯುತ್ತಾರೆ, ಒಂದು ವರ್ಷಕ್ಕೆ ಮದುವೆಯನ್ನೂ ಮರೆತಂತೆ ಜಗಳವಾಡುತ್ತಾರೆ. ಆ ಗಣಪತಿಯನ್ನು ಕಾಯುವ ಕೆಲಸ ಮಾತ್ರ ನನಗೆ.

ನನ್ನ ಪದ್ಧತಿ ಸರಳವಾಗಿತ್ತು. ದೇವರಿದ್ದ ಕಾಗದವನ್ನು ತಿಪ್ಪೆಗೆ ಹಾಕಬಾರದು, ಒಲೆಗೆ ಹಾಕಬಾರದು, ಕಾಲಲ್ಲಿ ತುಳಿಯಬಾರದು. ಚೀಲಕ್ಕೆ ಹಾಕಬೇಕು. ದೀಪಾವಳಿಗೆ ಮನೆ ಸುಣ್ಣ ಬಳಿಯುವಾಗ ಚೀಲವನ್ನು ಹೊಳೆಗೆ ಬಿಡಬೇಕು. ನಮ್ಮದು ರಾಣೆಬೆನ್ನೂರು ತಾಲೂಕಿನಲ್ಲಿ ತುಂಗಭದ್ರೆಯ ದಂಡೆಯ ಮೇಲಿನ ಊರು. ಹಿತ್ತಲ ಬಾಗಿಲು ತೆಗೆದರೆ ಹೊಳೆ. ದೇವರನ್ನು ನೀರಿಗೆ ಕೊಟ್ಟು, ಕೈಮುಗಿದು, ಹಗುರಾಗಿ ಮನೆಗೆ ಬರುತ್ತಿದ್ದೆ. ಮುಂದೆ ಅವನು ಎಲ್ಲಿಗೆ ಹೋಗುತ್ತಾನೆ ಎಂದು ನಾನು ಕೇಳಿದವಳಲ್ಲ. ದೇವರಿಗೆ ದಾರಿ ಗೊತ್ತಿರುತ್ತದೆ ಎಂದುಕೊಂಡಿದ್ದೆ.

ದಾರಿ ಎಲ್ಲಿಗೆ ಎಂದು ಹೇಳಿದವಳು ನನ್ನ ಮೊಮ್ಮಗಳು ಅಕ್ಷತಾ. ಊರ ಹೈಸ್ಕೂಲಿನಲ್ಲಿ ಒಂಬತ್ತನೇ ಇಯತ್ತೆ. ಅವರ ವಿಜ್ಞಾನದ ಮಾಸ್ತರು ಕಟ್ಟೀಮನಿ ಎಂಬುವರು ಮಕ್ಕಳನ್ನೆಲ್ಲ ಸೇರಿಸಿ ಹೊಳೆ ಕಾಯುವ ಒಂದು ಸಂಘ ಮಾಡಿದರು. ಅಮಾವಾಸ್ಯೆ ಬಂತೆಂದರೆ ನಮ್ಮ ಸ್ನಾನದ ಮೆಟ್ಟಿಲಿಗೆ ಎಲ್ಲೆಲ್ಲಿಂದಲೋ ಜನ ಬರುತ್ತಾರೆ. ಮುಳುಗು ಹಾಕುತ್ತಾರೆ, ಉಟ್ಟ ಹಳೇ ಬಟ್ಟೆಯನ್ನು ನೀರಿಗೇ ಬಿಟ್ಟು, ಹೊಸದು ಉಟ್ಟು ಹೋಗುತ್ತಾರೆ. ಪೀಡೆಯೆಲ್ಲ ಬಟ್ಟೆಯೊಂದಿಗೆ ಹೋಯಿತು ಎಂದು ಅವರ ಲೆಕ್ಕ. ಆ ಪೀಡೆ ಹೋಗಿ ಕೆಳಗೆ ಕುಡಿಯುವ ನೀರಿನ ಮೋಟಾರಿಗೆ ಸುತ್ತಿಕೊಳ್ಳುತ್ತಿತ್ತು. ಮಕ್ಕಳು ಮೀನು ಹಿಡಿಯುವವರಿಂದ ಒಂದು ಹಳೇ ಬಲೆ ಬೇಡಿ ತಂದು, ಮೆಟ್ಟಿಲಿನ ಕೆಳಗಡೆ ಬಿದಿರು ನೆಟ್ಟು ಕಟ್ಟಿದರು. ಮೊದಲ ಅಮಾವಾಸ್ಯೆಗೇ ಎಳೆದು ಹಾಕಿದ ಸೀರೆ, ಲುಂಗಿಗಳನ್ನು ನೋಡಿ ನನ್ನ ಸೊಸೆ ಸುಜಾತಾ, “ರಾಣೆಬೆನ್ನೂರಾಗ ಒಂದು ಅರಿವಿ ಅಂಗಡಿ ಇಡಬೌದಲ್ರಿ ಅತ್ತಿ” ಎಂದಳು.

ಊರಲ್ಲಿ ಎಲ್ಲರಿಗೂ ಇದು ಹಿಡಿಸಲಿಲ್ಲ. ಪಂಚಾಯ್ತಿ ಅಧ್ಯಕ್ಷರು ಶೇಖರಗೌಡರಿಗೆ ಮೆಟ್ಟಿಲಿನ ಮೇಲಿನ ಕಾಯಿ-ಹೂವಿನ ಅಂಗಡಿಯವರು ದೂರು ಕೊಟ್ಟರು. ಹುಡುಗರು ಸೀಟಿ ಊದಿ ಬಂದವರನ್ನು ಅಂಜಿಸುತ್ತಾರಂತೆ. ಗೌಡರು ಶಾಲೆಗೇ ಹೋಗಿ ಮಕ್ಕಳ ಮುಂದೆ ಹೇಳಿದರು: “ಮೂರು ಅಮಾಸಿ ಟೈಮ್ ಕೊಡ್ತೀನಿ. ಮಂದಿಗೆ ಬುದ್ಧಿ ಹೇಳೂಕಿಂತ ಮೊದ್ಲ ನಿಮ್ಮ ನಿಮ್ಮ ಮನಿ ನೋಡ್ಕೊರಿ. ನಿಮ್ಮ ಮನಿಯಿಂದ ಒಂದು ಕಡ್ಡಿ ಹೊಳಿಗೆ ಬಿತ್ತೋ, ಬಲಿ ಸುತ್ತಿ ಸಾಲಿ ಅಟ್ಟದ ಮ್ಯಾಲೆ ಇಡೂದು. ಒಪ್ಪಿಗಿ ಐತಿ?”

ಮಕ್ಕಳು ಒಪ್ಪಿದರು. ಆ ಸಂಜೆಯೇ ಅಕ್ಷತಾ ಒಂದು ಕಾಗದ ತಂದು ನನ್ನ ಮುಂದೆ ಹಿಡಿದಳು.

“ಅಜ್ಜಿ, ನಮ್ಮ ಮನಿಯಿಂದ ಹೊಳಿಗೆ ಏನೂ ಬಿಡಂಗಿಲ್ಲ ಅಂತ ಬರದೈತಿ. ಸಹಿ ಮಾಡು.”

“ಏನೂ ಅಂದ್ರ?”

“ಏನೂ ಅಂದ್ರ ಏನೂ ಇಲ್ಲ. ಕಸ, ಅರಿವಿ, ಪ್ಲಾಸ್ಟಿಕ್, ಯಾವ್ದೂ.”

ನಾನು ನಾಲ್ಕನೇ ಇಯತ್ತೆಯವರೆಗೆ ಓದಿದವಳು. ಸಹಿ ಮಾಡುವುದಕ್ಕೆ ಅಷ್ಟು ಸಾಕು. ‘ನೀಲವ್ವ’ ಎಂದು ದಪ್ಪಗೆ ಬರೆದುಕೊಟ್ಟೆ. ಕಸ ಬಿಡುವುದಿಲ್ಲ, ಬಟ್ಟೆ ಬಿಡುವುದಿಲ್ಲ, ಒಪ್ಪಿಕೊಂಡೆ. ದೇವರೇನು ಕಸವೇ? ಅವನ ಹೆಸರು ಆ ಕಾಗದದಲ್ಲಿ ಇರಲಿಲ್ಲ. ವಕೀಲರು ಇದಕ್ಕಿಂತ ಬೇರೆ ಏನು ಓದಿರುತ್ತಾರೋ ಕಾಣೆ.

ಎರಡು ಅಮಾವಾಸ್ಯೆ ಚೆನ್ನಾಗಿಯೇ ಹೋದವು. ಮೂರನೆಯದು ದೀಪಾವಳಿಯದು. ಸುಣ್ಣ ಬಳಿಯಲು ಮಂಚ ಸರಿಸಿದ ಸುಜಾತಾ ಚೀಲ ನೋಡಿ, “ಅತ್ತಿ, ಇದನ್ನ ಏನ್ ಮಾಡೂದು?” ಎಂದಳು. “ನಾ ನೋಡ್ಕೊಂತೀನಿ” ಎಂದೆ. ಈ ಮಾತನ್ನು ನಾನು ಯಾವಾಗ ಆಡಿದರೂ ಅವಳ ಹುಬ್ಬು ಮೇಲೇರುತ್ತದೆ. ಅಮಾವಾಸ್ಯೆಯ ದಿನ ಬೆಳಕು ಹರಿಯುತ್ತಿದ್ದ ಹಾಗೆ ಚೀಲ ತಲೆಯ ಮೇಲಿಟ್ಟುಕೊಂಡು ಹೊರಟೆ. ಮಕ್ಕಳ ಬಲೆ ಇರುವುದು ಮೆಟ್ಟಿಲಿನ ಹತ್ತಿರ. ನಾನು ಹೋದದ್ದು ಮೇಲುಗಡೆ, ಪಂಪ್‌ಸೆಟ್ಟುಗಳ ಕಡೆಗೆ. ಕಬ್ಬಿನ ಬದುವಿನಲ್ಲಿ ಪಕ್ಕದ ಮನೆಯ ಫಕ್ಕೀರವ್ವ ಎದುರಾದಳು.

“ಏನ್ ಹೊತ್ಗೊಂಡು ಹೊಂಟಿ ನೀಲವ್ವಕ್ಕಾ?”

“ಎಮ್ಮಿಗೆ ಹೊಟ್ಟು.”

ಎಮ್ಮೆ ಮಾರಿ ಎರಡು ವರ್ಷವಾಗಿದ್ದು ಅವಳಿಗೂ ಗೊತ್ತು. ತಲೆಯ ಮೇಲೆ ಮುಕ್ಕೋಟಿ ದೇವರನ್ನು ಹೊತ್ತುಕೊಂಡು ನಾಲಿಗೆಯ ತುದಿಯಿಂದ ಸುಳ್ಳು ಉದುರಿಸಿದ ಹೆಂಗಸು ಈ ತಾಲೂಕಿನಲ್ಲಿ ನಾನೊಬ್ಬಳೇ ಇರಬೇಕು.

ಚೀಲವನ್ನು ನೀರಿಗೆ ಬಿಟ್ಟೆ. ಕಲ್ಲು ಕಟ್ಟಿ ಬಿಟ್ಟಿದ್ದರೆ ಈ ಕಥೆ ಅಲ್ಲೇ ಮುಳುಗಿ ಹೋಗುತ್ತಿತ್ತು. ಆದರೆ ದೇವರ ಕೊರಳಿಗೆ ಕಲ್ಲು ಕಟ್ಟಲು ಮನಸ್ಸು ಬರಲಿಲ್ಲ. ಬಾಯಿ ಬಿಗಿದ ಪ್ಲಾಸ್ಟಿಕ್ ಚೀಲ, ಒಳಗೆ ಗಾಳಿ. ಅದು ಕುದುರೆ ಏರಿದ ಮದುಮಗನ ಹಾಗೆ ಕುಲುಕುತ್ತ ಕೆಳಗಡೆ ಹೊರಟಿತು. ಹೊಳೆ ಮೇಲಿನಿಂದ ಕೆಳಕ್ಕೆ ಹರಿಯುತ್ತದೆ ಎಂಬುದು ಹುಟ್ಟಿದಾಗಿನಿಂದ ನೀರು ಹೊತ್ತ ನನಗೆ ಆ ಹೊತ್ತಿನಲ್ಲಿ ಹೊಳೆಯದೇ ಹೋಯಿತು. ಗೊತ್ತಾದಾಗ ಚೀಲ ತಿರುವು ದಾಟಿತ್ತು. ಸೀರೆಯ ನೆರಿಗೆ ಎತ್ತಿ ಹಿಡಿದು ದಂಡೆಗುಂಟ ಓಡಿದೆ. ಈ ವಯಸ್ಸಿನಲ್ಲಿ ದೇವರ ಹಿಂದೆ ಓಡುವವರು ಬಹಳ ಜನ ಇದ್ದಾರೆ, ಆದರೆ ಯಾರೂ ಅಷ್ಟು ಜೋರಾಗಿ ಓಡುವುದಿಲ್ಲ.

ನಾನು ಮೆಟ್ಟಿಲಿಗೆ ಮುಟ್ಟುವಷ್ಟರಲ್ಲಿ ಚೀಲ ನನಗಿಂತ ಮೊದಲೇ ಮುಟ್ಟಿ ಬಲೆಯಲ್ಲಿ ಕೂತಿತ್ತು. ಮಕ್ಕಳು ಅದನ್ನು ದಡಕ್ಕೆ ಎಳೆಯುತ್ತಿದ್ದರು. ಮೂರನೇ ಅಮಾವಾಸ್ಯೆಯ ತೀರ್ಮಾನಕ್ಕೆಂದು ಗೌಡರೂ ಬಂದು ಮೇಲಿನ ಮೆಟ್ಟಿಲಿನ ಮೇಲೆ ಕೂತಿದ್ದರು. ನಾನು ಸ್ನಾನಕ್ಕೆ ಬಂದವಳ ಹಾಗೆ ಹೆಂಗಸರ ನಡುವೆ ನಿಂತೆ. ಒಂದು ಧೈರ್ಯವಿತ್ತು. ಗಣಪತಿ ಎಲ್ಲರ ಮನೆಯಲ್ಲೂ ಇದ್ದಾನೆ. ಇದು ನೀಲವ್ವನ ಮನೆಯ ಗಣಪತಿ ಎಂದು ಅವನ ಸೊಂಡಿಲ ಮೇಲೆ ಬರೆದಿದೆಯೇ?

ಸೊಂಡಿಲ ಮೇಲೆ ಬರೆದಿರಲಿಲ್ಲ. ಲಕೋಟೆಯ ಮೇಲೆ ಬರೆದಿತ್ತು. ನಾನು ಇಷ್ಟು ವರ್ಷ ಕಾರ್ಡಿನಲ್ಲಿ ಚಿತ್ರ ನೋಡಿದವಳೇ ಹೊರತು ಅಕ್ಷರ ನೋಡಿದವಳಲ್ಲ. ಓದಲು ಬರುವುದಿಲ್ಲ ಎಂದಲ್ಲ, ಓದಬೇಕು ಎಂದು ಅನ್ನಿಸಿರಲಿಲ್ಲ. ಅಕ್ಷತಾ ಚೀಲದ ಬಾಯಿ ಬಿಚ್ಚಿ ಮೇಲಿನ ಕಾರ್ಡು ತೆಗೆದಳು. ‘ಶ್ರೀಮತಿ ನೀಲವ್ವ ಉಳ್ಳಾಗಡ್ಡಿ ಅವರಿಗೆ, ಪರಿವಾರ ಸಹಿತ’ ಎಂದು ಯಾರೋ ದುಂಡಗೆ ಬರೆದಿದ್ದರು. ಹುಡುಗಿಯ ಮುಖ ಸುಣ್ಣದ ಗೋಡೆಯಾಯಿತು. ಕಾರ್ಡನ್ನು ಚೀಲದೊಳಕ್ಕೆ ತುರುಕಿ ಚೀಲದ ಮೇಲೆ ಕೂತುಬಿಟ್ಟಳು.

“ಯಾರ್ದಂತ ಗೊತ್ತಾತೇನವಾ?” ಕಟ್ಟೀಮನಿ ಮಾಸ್ತರು ಕೇಳಿದರು.

ಅವಳು ಚೀಲ ಬಿಟ್ಟು ಏಳಲಿಲ್ಲ. ಗೌಡರು ಮೇಲಿನಿಂದ, “ಯಾಕವಾ, ಚೀಲದಾಗ ಏನು ಮೊಟ್ಟಿ ಅದಾವು, ಕಾವು ಕೊಡಾಕತ್ತೀಯೇನು?” ಎಂದರು. ಎಲ್ಲರೂ ನಕ್ಕರು. ಅವಳ ಕಣ್ಣಲ್ಲಿ ನೀರು ಬಂತು.

ಈ ಹುಡುಗಿ ಹಳ್ಳಿ ಹಳ್ಳಿಯ ಜನರ ಹತ್ತಿರ ಬೈಗುಳ ತಿಂದು, ಸೊಂಟದವರೆಗೆ ನೀರಲ್ಲಿ ನಿಂತು, ಮಂದಿಯ ಹಳೇ ಲುಂಗಿ ಎಳೆದವಳು. ಅಂಥವಳು ಈಗ ನನ್ನ ಸಲುವಾಗಿ ಕಳ್ಳಿಯ ಹಾಗೆ ಕೂತಿದ್ದಳು. ಎದ್ದರೆ ಬಲೆ ಹೋಗುತ್ತದೆ, ಕೂತರೆ ಮಾನ ಹೋಗುತ್ತದೆ. ನನಗೆ ಕಣ್ಣೀರು ನೋಡಿದರೆ ಸಿಟ್ಟು ಬರುತ್ತದೆ, ಅದರಲ್ಲೂ ನನ್ನಿಂದಾದ ಕಣ್ಣೀರು.

“ಏಳ ಮ್ಯಾಕ್ಕ, ಅಕ್ಷತಾ. ಗೌಡ್ರ, ಆ ಚೀಲ ನಂದು” ಎಂದೆ.

ಗೌಡರು ಎದ್ದು ನಿಂತು, “ಹಂಗಾರ ಮುಗೀತಲ್ರಿ ಮಾಸ್ತರ. ಸಂಘದ ಹುಡುಗಿ ಮನಿದ ಅಂದಮ್ಯಾಗ ಬಲಿ ಬಿಚ್ಚರಿ” ಎಂದರು.

“ಬಲಿ ಆಮ್ಯಾಲೆ ಬಿಚ್ಚೀರಂತ. ಮೊದ್ಲ ಚೀಲ ಬಿಚ್ಚೂಣು” ಎಂದು ನಾನು ಚೀಲವನ್ನು ಕಲ್ಲಿನ ಮೇಲೆ ಸುರಿದೆ. ಕೆಂಪು, ಹಳದಿ, ಬಂಗಾರದ ಬಣ್ಣದ ಕಾರ್ಡುಗಳು ಹರಡಿಕೊಂಡವು. ಒಂದನ್ನು ಎತ್ತಿದೆ. ಅದಕ್ಕೆ ಅಕ್ಷರ ಓದುವ ಗರಜು ಇರಲಿಲ್ಲ. “ಇದು ಯಾರ ಮನಿ ಮದುವಿದ್ರಿ? ನಿಮ್ಮ ಮಗಂದು. ಮ್ಯಾಲೆ ಗಣಪತಿ. ಬಾಜೂಕ ನೀವು, ಕೈ ಮುಗ್ಕೊಂಡು. ಗಣಪತಿಗಿಂತ ನಿಮ್ಮ ಫೋಟೋನ ಒಂದೀಟು ದೊಡ್ಡದೈತಿ. ಇದನ್ನ ಎಲ್ಲಿ ಹಾಕ್ಲಿ ಹೇಳ್ರಿ. ತಿಪ್ಪಿಗೆ ಹಾಕ್ಲೇನು? ಒಲಿಗೆ ಹಾಕ್ಲೇನು? ನೀವಿಬ್ರೂ ಒಂದ ಕಾಗದದಾಗ ಅದೀರಿ, ಅವಂಗ ಒಂದು, ನಿಮಗೊಂದು ಮಾಡಾಕ ಬರಂಗಿಲ್ಲ.”

ಗೌಡರು ಕಾರ್ಡು ನೋಡಿದರು. ಹಾಕಿಸಿದ್ದು ಹಳೇ ಫೋಟೋ, ಅದರಲ್ಲಿ ಅವರ ಮೀಸೆ ಇನ್ನೂ ಕಪ್ಪಾಗಿತ್ತು. ಹಿಂದಿನಿಂದ ಫಕ್ಕೀರವ್ವ, “ಖರೇ ಐತ್ರಿ ಗೌಡ್ರ, ನಮ್ಮ ಅಟ್ಟದ ಮ್ಯಾಲೂ ಎರಡು ಚೀಲ ಅದಾವು” ಎಂದಳು. “ನಮ್ಮನ್ಯಾಗ ನಾಕು,” “ನಮ್ಮವು ಕಣಜದಾಗ” ಎಂದು ಹೆಂಗಸರು ಒಬ್ಬೊಬ್ಬರಾಗಿ ಶುರು ಮಾಡಿದರು. ಇಡೀ ಊರೇ ದೇವರನ್ನು ಚೀಲದಲ್ಲಿ ಕಟ್ಟಿಟ್ಟುಕೊಂಡು ಸುಮ್ಮನಿತ್ತು ಎಂದು ನನಗೆ ಗೊತ್ತಾದದ್ದು ಆಗಲೇ. ಗೌಡರು ಧ್ವನಿ ತಗ್ಗಿಸಿ, “ನಮ್ಮಾಕಿನೂ ಎಲ್ಲೋ ಇಟ್ಟಾಳ್ರಿ” ಎಂದರು. ಆಮೇಲೆ ಎಲ್ಲರೂ ಮಾಸ್ತರ ಮುಖ ನೋಡಿದರು. ಮಾಸ್ತರು ಗಣಪತಿಯ ಮುಖ ನೋಡಿದರು. ವಿಜ್ಞಾನದ ಪುಸ್ತಕದಲ್ಲಿ ಇದಕ್ಕೆ ಪಾಠ ಇರಲಿಲ್ಲವೆಂದು ಕಾಣುತ್ತದೆ.

ಮೂಗು ಒರೆಸಿಕೊಂಡು ಅಕ್ಷತಾ ಹೇಳಿದಳು: “ಅಜ್ಜಿ, ನೀ ಬ್ಯಾಡಗ್ಯಾಗ ಮೆಣಸಿನಕಾಯಿ ತೊಟ್ಟು ಬಿಡಸ್ತಿದ್ದೆಲ್ಲ, ಹಂಗ ಬಿಡಸೂಣು. ದೇವರು ಒಂದು ಕಡೆ, ಕಾರ್ಡು ಒಂದು ಕಡೆ.”

ನನ್ನ ತವರು ಬ್ಯಾಡಗಿ. ಹುಡುಗಿಯಾಗಿದ್ದಾಗ ವ್ಯಾಪಾರಸ್ಥರ ಅಂಗಳದಲ್ಲಿ ಕೂತು ಕಾಯಿಯಿಂದ ತೊಟ್ಟು ಬಿಡಿಸುತ್ತಿದ್ದೆ. ಕಾಯಿ ಒಡೆಯಬಾರದು, ಬೀಜ ಉದುರಬಾರದು, ತೊಟ್ಟು ಮಾತ್ರ ಟಕ್ ಎಂದು ಬರಬೇಕು. ದಿನವಿಡೀ ಸೀನಿದರೂ ಕೈ ನಿಲ್ಲಬಾರದು. ನಮ್ಮ ಬ್ಯಾಡಗಿ ಕಾಯಿ ಬಣ್ಣಕ್ಕೆ ಜೋರು, ಖಾರಕ್ಕೆ ಸಾಧು. ಆ ಊರಿನ ಹೆಣ್ಣೂ ಹಾಗೇ ಇರುತ್ತಾಳೆ ಎಂದು ನಂಬಿ ನನ್ನ ಗಂಡ ಮದುವೆಯಾಗಿ ಮೋಸ ಹೋದರು, ಪಾಪ.

ಗೌಡರು ಗಂಟಲು ಸರಿ ಮಾಡಿಕೊಂಡರು. ಗಣಪತಿಯ ಬಾಜೂಕ ಫೋಟೋ ಹಾಕಿಸಿಕೊಂಡವರು ಅಲ್ಲವೇ, ಮಾನ ಉಳಿಸಿಕೊಳ್ಳುವುದು ಗೊತ್ತಿದೆ. “ಚೀಲ ಹೊಳಿ ಪಾಲಾಗಿಲ್ಲ, ಬಲಿಗೆ ಸಿಕ್ಕೈತಿ. ಅಂದ್ರ ಬಲಿ ಕೆಲಸ ಮಾಡೇತಿ. ಇರ್ಲಿ ಅದು. ಆದ್ರ ಸಹಿ ಮಾಡಿ ತಪ್ಪಿದವ್ರಿಗೆ ದಂಡ ಬೇಕಲ್ಲ? ಊರಾಗಿನ ಚೀಲ ಎಲ್ಲಾ ನೀಲವ್ವ ಬಿಡಸ್ಲಿ.” ಮಕ್ಕಳು ಹೋ ಎಂದು ಚಪ್ಪಾಳೆ ಹೊಡೆದರು. ನನ್ನ ಮೊಮ್ಮಗಳ ಚಪ್ಪಾಳೆಯೇ ಎಲ್ಲಕ್ಕಿಂತ ಜೋರಾಗಿತ್ತು.

ಅವತ್ತಿನಿಂದ ನಮ್ಮ ಕಟ್ಟೆ ಬ್ಯಾಡಗಿ ಅಂಗಳವಾಗಿದೆ. ಮಧ್ಯಾಹ್ನ ಊಟವಾದ ಮೇಲೆ ಹೆಂಗಸರು ಚೀಲ ತರುತ್ತಾರೆ. ನಾನು ಕತ್ತರಿ ಹಿಡಿದು ಕೂರುತ್ತೇನೆ. ಗಣಪತಿ ಹಿತ್ತಾಳೆ ಕೊಡಕ್ಕೆ, ಮದುಮಕ್ಕಳು ಬುಟ್ಟಿಗೆ. ಕೊಡದ ನೀರಲ್ಲಿ ಎರಡು ದಿನ ನೆನೆದರೆ ದೇವರು ಅಂಬಲಿಯ ಹಾಗಾಗುತ್ತಾನೆ. ಅದನ್ನು ದಾಸವಾಳದ ಬುಡಕ್ಕೆ ಹೂಳುತ್ತೇವೆ, ಮುಂದೆ ಹೂವಾಗಿ ಜಗುಲಿಗೆ ವಾಪಸು ಬರಲಿ ಎಂದು. ಉಳಿದ ಕಾರ್ಡಿನ ಹಿಂದೆ ಮಕ್ಕಳು ಲೆಕ್ಕ ಬಿಡಿಸುತ್ತಾರೆ. ಚಿತ್ರದ ಅಂಚಿಗೆ ಕತ್ತರಿ ಆಡಿಸುವಾಗ ಸುಜಾತಾ, “ಅತ್ತಿ, ಇಲಿ ಬಿಟ್ರಿ ನೋಡ್ರಿ” ಎನ್ನುತ್ತಾಳೆ. ಗಣಪತಿಯನ್ನು ಇಲಿ ಇಲ್ಲದೆ ನೀರಿಗೆ ಕಳಿಸಿದರೆ ನಡೆದು ಹೋಗಬೇಕಾಗುತ್ತದಲ್ಲ, ಮತ್ತೆ ಹುಡುಕಿ ಕತ್ತರಿಸುತ್ತೇನೆ. ಒಂದು ದಿನ ಅಕ್ಷತಾ ಪಕ್ಕದಲ್ಲಿ ಕೂತು ಮೆಲ್ಲಗೆ, “ಅವತ್ತು ನಾ ಸುಳ್ಳು ಹೇಳಬಾರ್ದಿತ್ತಲ್ಲ ಅಜ್ಜಿ?” ಎಂದಳು. “ನೀ ಎಲ್ಲಿ ಹೇಳಿದಿ? ಬರೇ ಕುಂತಿದ್ದಿ. ಹೇಳಿದಾಕಿ ನಾ, ಎಮ್ಮಿಗೆ ಹೊಟ್ಟು ಅಂತ” ಎಂದೆ. ಫಕ್ಕೀರವ್ವ ಈಗಲೂ ದಾರಿಯಲ್ಲಿ ಕಂಡರೆ, ಎಮ್ಮೆ ಚೆನ್ನಾಗಿದೆಯೇ ಎಂದು ಕೇಳುತ್ತಾಳೆ.

ಹೀಗೆ ಎಲ್ಲವೂ ನೆಟ್ಟಗಾಯಿತು. ಬಲೆ ಹೊಳೆಯಲ್ಲಿದೆ, ಮೋಟಾರು ತಿರುಗುತ್ತಿದೆ, ಮಂಚದ ಕೆಳಗೆ ಗುಡಿಸಲು ಜಾಗವಾಗಿದೆ. ಹೋದ ತಿಂಗಳು ಶಾಲೆಯಲ್ಲಿ ಸಭೆ ಮಾಡಿ ನನ್ನನ್ನೂ ಕರೆದರು. ಗೌಡರು ಶಾಲು ಹೊದಿಸಿದರು. ಮಾಸ್ತರು ಎರಡು ಮಾತು ಹೆಚ್ಚಾಗಿಯೇ ಹೊಗಳಿ, ಒಂದು ಪ್ರಶಸ್ತಿ ಪತ್ರ ಕೈಗಿತ್ತರು. ಮನೆಗೆ ತಂದು ಕನ್ನಡಕ ಹಾಕಿಕೊಂಡು, ಬುದ್ಧಿ ಬಂದವಳ ಹಾಗೆ ಈ ಸಲ ಅಕ್ಷರಗಳನ್ನು ಮೊದಲು ಓದಿದೆ. ನನ್ನ ಹೆಸರು ದೊಡ್ಡದಾಗಿ, ಒಂದು ತಪ್ಪಿಲ್ಲದೆ ಬರೆದಿದ್ದರು. ಆಮೇಲೆ ಚಿತ್ರ ನೋಡಿದೆ. ಮೇಲೆ ವೀಣೆ ಹಿಡಿದ ಸರಸ್ವತಿ. ಮಳೆಗೆ ನೆನೆಯದಿರಲಿ, ಎಷ್ಟು ಕಾಲವಾದರೂ ಹಾಳಾಗದಿರಲಿ ಎಂದು ಹಿಂದೆ ಮುಂದೆ ಗಟ್ಟಿ ಪ್ಲಾಸ್ಟಿಕ್ ಹಾಕಿಸಿದ್ದಾರೆ.

ಕೊಡದಲ್ಲಿ ಮೂರು ದಿನ ನೆನೆಹಾಕಿ ನೋಡಿದೆ. ಸರಸ್ವತಿ ಇನ್ನಷ್ಟು ಹೊಳೆದಳು. ಸದ್ಯಕ್ಕೆ ಒರೆಸಿ ಮಂಚದ ಕೆಳಗೆ ಇಟ್ಟಿದ್ದೇನೆ. ಅಕ್ಷತಾಗೆ ಹೇಳಿಲ್ಲ.