ಅಪ್ಪ ಅವ್ವ ಗೊತ್ತಿಲ್ಲದ ದಪ್ಪ ಮೆಣಸಿನಕಾಯಿ

ವ್ಯವಸಾಯದ ಮನೇಲಿ ನಗೋಕೆ ಬೇರೆ ಏನೂ ಬೇಡ. ಒಂದು ಹೊಸ ತಳಿ ಹಾಕ್ತೀವಿ ಅಂತ ಬಾಯಿ ಬಿಟ್ಟರೆ ಸಾಕು, ಊರೆಲ್ಲ ಬಂದು ನಗಿಸಿ ಹೋಗ್ತದೆ. ನಮ್ಮನೇಲಂತೂ ಊರು ಬರೋವರೆಗೂ ಕಾಯಬೇಕಾಗಿಲ್ಲ, ನಮ್ಮತ್ತೆ ಇದ್ದಾರೆ.

ಬಿಳಿಗೆರೆ ಹತ್ತಿರದ ನಮ್ಮ ಹೊಲದಲ್ಲಿ ಅತ್ತೆ ಬದನೆಕಾಯಿ ಬೆಳೀತಿದ್ದ ತಾಕು ಒಂದಿತ್ತು. ಅಲ್ಲಿ ನೆರಳುಬಲೆ ಕಟ್ಟಿ ದಪ್ಪ ಮೆಣಸಿನಕಾಯಿ ಬೆಳೀತೀನಿ ಅಂತ ನಾನು ಹಟ ಹಿಡಿದೆ. ಅತ್ತೆ ಒಪ್ಪಿದರು, ಆದರೆ ಕಂಡೀಷನ್ ಹಾಕಿ. "ಎರಡು ಬೆಳೆ ನೋಡ್ತೀನಿ ಕಣಮ್ಮಿ. ಸರಿ ಓಗ್ನಿಲ್ಲ ಅಂದ್ರೆ ಬಲೆ ಕಿತ್ತಾಕಿ ಬದನೆ ಆಕ್ತೀನಿ." ಮದುವೆಯಾಗಿ ಬಂದ ಮೇಲೆ ನಾನು ಕೇಳಿ ಪಡೆದ ಮೊದಲ ನೆಲ ಅದು. ಕಳಕೊಳ್ಳೋಕೆ ನನಗೆ ಮನಸ್ಸಿರಲಿಲ್ಲ.

ಸಂಬಂಧ ಕುದುರಿದ್ದು

ತಿ. ನರಸೀಪುರದ ನರ್ಸರಿಗೆ ಅತ್ತೇನೂ ಬಂದರು. ಸಸಿ ನೋಡಿ ಮೊದಲು ಕೇಳಿದ್ದೇ, "ಇದರ ಅಪ್ಪ ಅವ್ವ ಯಾರಪ್ಪಾ?"

ನರ್ಸರಿಯವರು, "ಹೈಬ್ರಿಡ್ ಕಣವ್ವ, ಎರಡು ತಳಿ ಸೇರಿಸಿ ಮಾಡಿರೋದು" ಅಂದರು.

"ಅದೇ, ಯಾವ್ಯಾವ ಎರಡು?"

"ಅದು ಕಂಪನಿ ಗುಟ್ಟು. ನಮಗೂ ಹೇಳಲ್ಲ."

ಅತ್ತೆ ನನ್ನ ಕಡೆ ತಿರುಗಿದರು. "ಅಪ್ಪ ಅವ್ವ ಯಾರು ಅಂತ ಏಳ್ದಿರೋ ಮನೆಯಿಂದ ಎಣ್ಣು ತತ್ತಾರಾ?"

ನರ್ಸರಿಯವರು ನಕ್ಕು, ಕೆಂಪಾಗೋದು, ಹಳದಿಯಾಗೋದು, ಹಸಿರಾಗೇ ಮಾರೋದು, ಮೂರನ್ನೂ ಕೊಟ್ಟರು. "ಮೂವರನ್ನೂ ಕರ್ಕೊಂಡೋಗಿ. ಯಾರು ಹೊಂದ್ಕೋತಾರೋ, ಮುಂದಿನ ಬೆಳೆಗೆ ಅವರನ್ನೇ ಇಟ್ಕೊಳ್ಳಿ."

ಬೇಡ ಅಂದರೆ ಬೇಕು

ನಮ್ಮ ಯಜಮಾನರಿಗೆ ಅಷ್ಟು ದಿನ ಕಾಯೋ ತಾಳ್ಮೆ ಎಲ್ಲಿಂದ ಬರಬೇಕು? ಹೆಡತಲೆ ಊರಲ್ಲಿ ದಪ್ಪ ಮೆಣಸಿನಕಾಯಿ ಬೆಳೆದಿದ್ದವರೊಬ್ಬರನ್ನು ಕೇಳೋಕೆ ಹೋದರು, ನಾನೂ ಹೋದೆ. ಅವರು, "ಹಳದಿ ಮಾತ್ರ ಬೇಡ ಕಣ್ರೀ" ಅಂದರು. ಇವರು ನನ್ನ ಕಿವೀಲಿ, "ಬೇಡ ಅಂತಾನೆ ಅಂದ್ರೆ ಅದ್ರಲ್ಲೇ ಲಾಭ ಐತೆ" ಅಂದರು.

ದಾರೀಲಿ ಇನ್ನೊಬ್ಬರು ಸಿಕ್ಕಿ, "ಹಳದೀನೇ ಹಾಕಿ ಸಾ, ಕಣ್ಮುಚ್ಚಿ ಹಾಕಿ" ಅಂದರು. ಬೈಕ್ ಹತ್ತುತ್ತಾ ಇವರು, "ಇಷ್ಟು ಬಲವಂತ ಮಾಡ್ತಾನೆ ಅಂದ್ರೆ ಏನೋ ಮಸಲತ್ತೈತೆ" ಅಂದರು. ಹೋಗುವಾಗ ಇದ್ದ ಅನುಮಾನವನ್ನೇ ಹೊತ್ತುಕೊಂಡು ಮನೆಗೆ ಬಂದೆವು, ಪೆಟ್ರೋಲ್ ಮಾತ್ರ ಖಾಲಿ.

ಸಂತೆಯ ತೀರ್ಪು

ಮೊದಲು ಹಣ್ಣಾಗಿದ್ದು ಹಳದಿ. ಬಂಗಾರದ ಹಾಗೆ ಹೊಳೀತಿತ್ತು, ನನಗೆ ಕೀಳೋಕೇ ಮನಸ್ಸು ಬರಲಿಲ್ಲ. ಸಂತೇಲಿ ಒಬ್ಬಮ್ಮ ಎತ್ತಿ ನೋಡಿ, "ಅಯ್ಯೋ, ಹಣ್ಣಾಗೋಗದೆ. ಮೇಕೆಗೆ ಹಾಕೋಕೆ ಕಮ್ಮಿಗೆ ಕೊಡಿ" ಅಂದರು.

ಇವರು ಕಂಗಾಲು. "ನಾಳೆಯಿಂದ ಎಲ್ಲಾ ಹಸಿರಲ್ಲೇ ಕೀಳೋದು!" ನನಗೆ ಅಳು ಬಂತು. ಹಸಿರಲ್ಲೇ ಕಿತ್ತರೆ ಮೂರೂ ಒಂದೇ ಥರ ಕಾಣ್ತವೆ. ಇನ್ನು ಯಾವ ತಳಿ ನಮಗೆ ಹೊಂದೋದು ಅಂತ ಗೊತ್ತಾಗೋದು ಹೇಗೆ? ಆ ಮೇಕೆಯನ್ನೇ ಕೇಳಬೇಕಿತ್ತು.

ಸೀರೆ ಚೂರು

ಮಾರನೆ ದಿನ ನೋಡಿದರೆ, ಕೆಂಪಿನ ಸಾಲಲ್ಲಿ ಒಳ್ಳೊಳ್ಳೆ ಕಾಯಿಗೆಲ್ಲ ಹಳೇ ಸೀರೆ ಚೂರು ಕಟ್ಟಿದೆ. ಬೀಜಕ್ಕೆ ಬಿಟ್ಟ ಕಾಯಿಗೆ ಬಟ್ಟೆ ಕಟ್ಟೋದು ಅತ್ತೆಯ ಪದ್ಧತಿ. ಹೈಬ್ರಿಡ್ ಕಾಯಿಯ ಬೀಜ ತೆಗೆದು ಹಾಕಿದರೆ ಅದೇ ಥರ ಕಾಯಿ ಬರಲ್ಲ ಅಂತ ನಾನು ಎಷ್ಟು ಹೇಳಿದರೂ ಕೇಳಲಿಲ್ಲ. ತಮ್ಮವ್ವ ಕಟ್ಟಿದ ಬಟ್ಟೆ ಮುಟ್ಟೋ ಧೈರ್ಯ ಇವರಿಗೂ ಇರಲಿಲ್ಲ. ಹಾಗಾಗಿ ಅಷ್ಟು ಕಾಯಿ ಗಿಡದಲ್ಲೇ ಉಳಿದು ಕೆಂಪಗೆ ಹಣ್ಣಾದವು.

ಮೈಸೂರಿನ ಹೋಟೆಲುಗಳಿಗೆ ತರಕಾರಿ ಕೊಡೋ ವ್ಯಾಪಾರಿ ಹಸಿರು ಕಾಯಿಗೆ ಅಂತ ಬಂದವರು ಅವನ್ನೇ ನೋಡ್ತಾ ನಿಂತರು. "ಇವು ಬೇಕಲ್ಲಾ!"

ಅತ್ತೆ, "ಬೀಜದ ಕಾಯಿ ಮಾರಕಿಲ್ಲ" ಅಂದರು.

"ಹಾಗಾದ್ರೆ ಇಂಥವನ್ನೇ ಬೆಳೆದುಕೊಡಿ, ನಾನೇ ತಗೋತೀನಿ."

ಊರೂರು ಸುತ್ತಿ ಸಿಗದ ಉತ್ತರ ಸೀರೆ ಚೂರಲ್ಲಿ ಸಿಕ್ಕಿತ್ತು. ಎರಡನೇ ಬೆಳೆಗೆ ಬಲೆ ತುಂಬಾ ಕೆಂಪು ಹಾಕಿದೆವು, ವ್ಯಾಪಾರಿ ಮಾತಿನಂತೆ ಬಂದು ತಗೊಂಡರು. ಮೂಲೇಲಿ ಒಂದು ಸಾಲು ಮಾತ್ರ ಅತ್ತೆಯ ಬೀಜದ ಸಸಿ.

ಆ ಸಾಲು ಕಾಯಿ ಬಿಟ್ಟ ದಿನ ಮೂವರೂ ಹೋಗಿ ನಿಂತೆವು. ಒಂದು ಬಜ್ಜಿ ಮೆಣಸಿನಕಾಯಿ ಥರ ಉದ್ದ, ಒಂದು ಟೊಮೆಟೊ ಥರ ಚಪ್ಪಟೆ, ಇನ್ನೊಂದು ನೆಲ್ಲಿಕಾಯಿ ಗಾತ್ರ. ಈ ಸಿಟ್ಟಿಗೆ ಅತ್ತೆ ಬಲೆ ಕೀಳಿಸಿಬಿಟ್ಟರೆ?

ಇವರು ಸುಮ್ಮನಿರಬೇಕೋ ಬೇಡವೋ? "ನೋಡ್ದಾ ಅವ್ವ? ಐಬ್ರಿಡ್ಡು ಅಂದ್ರೆ ಇಂಗೇಯ. ಮಕ್ಳು ಅಪ್ಪ ಅವ್ವನಂಗೆ ಬರಕಿಲ್ಲ."

ಅತ್ತೆ ಮಗನನ್ನು ಅಡಿಯಿಂದ ಮುಡಿವರೆಗೆ ನೋಡಿದರು. "ಅದು ನಂಗೆ ಗೊತ್ತಿಲ್ವೇನ್ಲಾ? ನಿನ್ನ ಎತ್ತು ಸಾಕಿದೋಳು ನಾನು."

ಆಮೇಲೆ ನನ್ನ ಕಡೆ ತಿರುಗಿದರು. "ತಾಕು ಇನ್ಮೇಲೆ ನಿಂದೇ ಕಣಮ್ಮಿ. ನಂಗೆ ಈ ಮೂಲೆ ಒಂದು ಬಿಡು, ಬದನೆ ಆಕೋತೀನಿ. ಅದರ ಅಪ್ಪ ಅವ್ವ ಇಬ್ರೂ ನಂಗೆ ಗೊತ್ತು."