ಬೆಲ್ಲದ ಚೀಲಕ್ಕೆ ಗುದ್ದಿದ ಪುಟ್ಟರಾಜು

"ಬಿಸ್ಲಿಗೆ ಎದ್ರುಕೊಂಡು ಬೆಳಕರಿಯೋಕ್ ಮುಂಚೆ ಗುದ್ದಾಡೋದಾ? ನಾಳೆ ಮದ್ಯಾನ ಉರಿಬಿಸ್ಲಲ್ಲಿ ನಾ ಗುದ್ತೀನಿ, ನೋಡ್ಕಳಿ ಅವ್ವ ಮಗಳು ಇಬ್ರೂವೆ!"

ಹನಕೆರೆಯ ಪುಟ್ಟರಾಜು ಈ ಘೋಷಣೆ ಹೊರಡಿಸಿದ್ದು ತನ್ನ ಸ್ವಂತ ಆಲೆಮನೆಯ ಮುಂದೆ, ಲುಂಗಿ ಎತ್ತಿ ಕಟ್ಟಿಕೊಂಡು. ಹೆಂಡತಿ ಸುನಿತಾ ಸೊಪ್ಪು ಬಿಡಿಸುವುದನ್ನು ನಿಲ್ಲಿಸಲಿಲ್ಲ. ಮದುವೆಯಾದಾಗಿನಿಂದ ಇಂಥ ಘೋಷಣೆ ಕೇಳಿ ಕೇಳಿ ಆಕೆಯ ಕಿವಿ ಪಳಗಿತ್ತು.

ವಿಷಯ ಇಷ್ಟೆ. ಮಗಳು ಗಗನ ಮಂಡ್ಯದಲ್ಲಿ ಬಾಕ್ಸಿಂಗ್ ಕಲಿಯುತ್ತಿದ್ದಳು. ಬರುವ ಭಾನುವಾರ ಜಿಲ್ಲಾ ತಂಡಕ್ಕೆ ಆಯ್ಕೆ. ಈ ಸಲ ರೋಹಿಣಿ ಮಳೆ ಒಮ್ಮೆ ಮುಖ ತೋರಿಸಿ ಮಾಯವಾಗಿ, ಊರಿಗೆ ಊರೇ ಇಡ್ಲಿ ಪಾತ್ರೆಯೊಳಗೆ ಕೂತಂತೆ ಬೇಯುತ್ತಿತ್ತು. ತಗಡಿನ ಶೆಡ್ಡಿನಲ್ಲಿ ಹುಡುಗಿಯರು ತಲೆಸುತ್ತಿ ಕೂರುವುದನ್ನು ಕಂಡು ಕೋಚ್ ಶೋಭಿತಾ ಮೇಡಂ ಅಭ್ಯಾಸವನ್ನು ಬೆಳಗಿನ ಜಾವಕ್ಕೆ ಬದಲಾಯಿಸಿದ್ದರು. ಆ ಹೊತ್ತಿಗೆ ಊರಿನಿಂದ ಬಸ್ಸಿಲ್ಲ. ಅಪ್ಪ ಬೈಕಿನಲ್ಲಿ ಬಿಟ್ಟರೆ ಅಭ್ಯಾಸ ಉಂಟು. ಬಿಡದಿದ್ದರೆ ಅಭ್ಯಾಸವೂ ಇಲ್ಲ, ಆಯ್ಕೆಯೂ ಇಲ್ಲ. ಅಪ್ಪನಿಗೋ, ಸೆಕೆಗೆ ಹೆದರುವ ಮಾತೇ ವಂಶಕ್ಕೆ ಅವಮಾನ!

"ಕುದಿಯೋ ಕೊಪ್ಪರಿಗೆ ಮುಂದೆ ನಿಂತ್ಕಂಡು ಬೆಲ್ಲ ತೆಗ್ದಿರೋ ಮೈ ಕಣಮ್ಮಿ ಇದು! ಸೆಕೆ ಅಂದ್ರೇನು ಅಂತ ಸೆಕೇನೇ ಬಂದು ನನ್ನ ಕೇಳ್ಕಂಡು ಓಗ್ಬೇಕು! ನಿಮ್ ಮೇಡಮ್ಮು ಬ್ಯಾಡ, ಬೈಕೂ ಬ್ಯಾಡ. ಇಲ್ಲೇ, ಮದ್ಯಾನ, ನಾನೇ ಕಲಿಸ್ತೀನಿ!"

"ನಿನಗೇನಪ್ಪ ಗೊತ್ತು ಬಾಕ್ಸಿಂಗ್?" ಗಗನಳ ಕಣ್ಣು ತುಂಬಿತು.

"ಮಂಡ್ಯದೋನಿಗೆ ಗುದ್ದೋದ ಕಲಿಸ್ಬೇಕೇನ್ಲಾ?" ಸಿಟ್ಟು ಬಂದಾಗ ಪುಟ್ಟರಾಜುವಿಗೆ ಎದುರಿಗಿರುವವರು ಗಂಡೋ ಹೆಣ್ಣೋ ಕಾಣಿಸುವುದಿಲ್ಲ.

ಸುನಿತಾ ಈಗ ಸೊಪ್ಪು ಕೆಳಗಿಟ್ಟಳು. "ಆಯ್ತು ಕಣ್ರಿ. ಮೊದ್ಲು ನೀವು ಒಂದು ರೌಂಡು ಗುದ್ದಿ. ಮೂರೇ ನಿಮ್ಸ. ನಿಂತ್ರೆ ಅವ್ಳು ನಿಮ್ತಾವೇ ಕಲೀಲಿ. ಕುಂತ್ರೆ, ದಿನಾ ಕೋಳಿ ಕೂಗೋ ಒತ್ಗೆ ಬೈಕ್ ತೆಗೀಬೇಕು."

"ಮೂರು ನಿಮ್ಸ! ಬಾಯಿಗಾಕಿದ್ ಎಲಡಿಕೆ ಕೆಂಪಾಗೋದ್ರೊಳ್ಗೆ ಮುಗ್ದೋಯ್ತದೆ!"

ಒಪ್ಪಂದವಾಯಿತು. ಆದರೆ ಗುದ್ದಲು ಚೀಲ ಬೇಕಲ್ಲ! ಮರಳು ತುಂಬಿದರೆ ಮಗಳ ಕೈಮೂಳೆ ಹೋಗುತ್ತದೆ. ಹಳೇ ಬಟ್ಟೆ ತುಂಬಿದರೆ ತನ್ನ ಮರ್ಯಾದೆ ಹೋಗುತ್ತದೆ. ಪುಟ್ಟರಾಜುವಿನ ದೃಷ್ಟಿ ಆಲೆಮನೆಯ ಮೂಲೆಯ ಮೇಲೆ ಬಿತ್ತು. ಅಲ್ಲಿ ಚಳಿಗಾಲದಲ್ಲಿ ತೆಗೆದು ಉಳಿದಿದ್ದ ಒಡಕು ಬೆಲ್ಲದ ಗೋಣಿಚೀಲ, ಆನೆಮರಿಯ ಹಾಗೆ ಕೂತಿತ್ತು.

"ಬ್ಯಾಡ ಕಣ್ರಿ, ಈ ತ್ಯಾವಕ್ಕೆ ಅದು ಒಳ್ಗೇ ನೀರೊಡ್ದಿರ್ತದೆ," ಎಂದಳು ಸುನಿತಾ.

"ಬೆಲ್ಲದ ಇಸ್ಯ ನಂಗೇ ಯೋಳ್ಕೊಡ್ತೀಯಾ? ಮುಟ್ಟು, ಕಲ್ಲಂಗದೆ!"

ಮುಟ್ಟಿದ ಕಡೆ ಕಲ್ಲಿನಂತೆಯೇ ಇತ್ತು. ಮುಟ್ಟದ ಕಡೆಯ ವಿಚಾರ ಯಾರೂ ಕೇಳಲಿಲ್ಲ.

ಮರುದಿನ ನಡುಮಧ್ಯಾಹ್ನ ಚೀಲ ಆಲೆಮನೆಯ ತೊಲೆಗೆ ನೇತುಬಿತ್ತು. ಎಲೆಯೊಂದೂ ಅಲ್ಲಾಡುತ್ತಿರಲಿಲ್ಲ. ಬರಿಮೈಯಲ್ಲಿ ನಿಂತ ಪುಟ್ಟರಾಜುವಿಗೆ ಮಗಳು ತನ್ನ ಗ್ಲೌಸು ತೊಡಿಸಿ ದಾರ ಕಟ್ಟಿದಳು.

"ಇನ್ನೂ ಬಿಗಿಯಾಗ್ ಕಟ್ಟು! ಗಂಟ್ ಮೇಲೆ ಗಂಟಾಕು! ನನ್ ಏಟಿಗೆ ಗ್ಲೌಸೇ ಹಾರೋಗ್ಬಾರ್ದು!"

ಕಟ್ಟಿದಳು. ಸುನಿತಾ ತಟ್ಟೆಗೆ ಸೌಟಿನಿಂದ ಠಣ್ ಎಂದು ಬಾರಿಸಿದಳು. ಯುದ್ಧಾರಂಭ!

ಮೊದಲ ಏಟಿಗೆ ಚೀಲ ಅಲ್ಲಾಡಲಿಲ್ಲ, ಪುಟ್ಟರಾಜು ಅಲ್ಲಾಡಿದ. ಎರಡನೆಯದಕ್ಕೆ ಒಳಗೆ ಏನೋ ಪಟಾರನೆ ಒಡೆಯಿತು. "ಮೂಳೆ ಮುರೀತು ನೋಡು ಅದ್ರುದ್ದು!" ಎಂದು ಅಬ್ಬರಿಸಿ ಎಡಗೈ, ಬಲಗೈ, ಎಡಗೈ ಬೀಸಿದ. ಹಣೆಯ ಬೆವರು ಕಣ್ಣಿಗಿಳಿಯಿತು, ಕಣ್ಣಿನದು ಮೀಸೆಗಿಳಿಯಿತು. ನಾಲಿಗೆ ಚಾಚಿ ಒರೆಸಿಕೊಂಡರೆ, ಅರೆ! ಬೆವರು ಸಿಹಿ!

ಚೀಲ ಬೆವರತೊಡಗಿತ್ತು. ಒಳಗೆ ಕರಗಿ ಕೂತಿದ್ದ ಬೆಲ್ಲ ಗೋಣಿಯ ಕಣ್ಣುಕಣ್ಣಿನಿಂದಲೂ ಜಿನುಗಿ, ಏಟಿಗೊಮ್ಮೆ ಮುಖಕ್ಕೆ ಸಿಡಿಯುತ್ತಿತ್ತು. ಗುದ್ದಿದ ಕೈ ಹಿಂದಕ್ಕೆ ಬರಲು ಒಲ್ಲೆ ಎನ್ನತೊಡಗಿತು. ಒಂದು ಏಟು ಹಾಕಲು ಅರ್ಧ ಶಕ್ತಿ, ಕೈ ಕೀಳಲು ಉಳಿದರ್ಧ!

"ನಿಲ್ಸಪ್ಪ, ನೀರು ಕುಡಿ," ಗಗನ ಗಾಬರಿಯಾದಳು. "ಮುಖ ಎಲ್ಲಾ ಕೆಂಪಾಗದೆ."

"ನೀರಾ? ಗಂಡಸು ನೀರು ಕುಡಿಯೋದು ಊಟ ಆದ್ಮೇಲೆ!"

ಹೇಳಿದ್ದೇನೋ ಸರಿ, ಸೆಕೆ ಒಪ್ಪಬೇಕಲ್ಲ! ಕಣ್ಣು ಮಂಜಾಯಿತು. ಬೀಳಬಾರದೆಂದು ಚೀಲವನ್ನೇ ತಬ್ಬಿಕೊಂಡ. ಎದೆ ಅಂಟಿತು. ಕೆನ್ನೆ ಅಂಟಿತು. ಮೀಸೆಯೂ ಅಂಟಿತು! ಬಹುದಿನಗಳ ಮೇಲೆ ಸಿಕ್ಕ ನೆಂಟನನ್ನು ಅಪ್ಪಿದಂತೆ ಪುಟ್ಟರಾಜು ತೂಗತೊಡಗಿದ.

ಆಗ ಹಿಂದಿನಿಂದ ಯಾರೋ ಬೆನ್ನು ಸವರಿದರು. ಒದ್ದೆ, ಒರಟು, ಉದ್ದ! ಕೊಟ್ಟಿಗೆಯ ಎಮ್ಮೆ ಬೆಲ್ಲದ ವಾಸನೆ ಹಿಡಿದು ಹಗ್ಗ ಬಿಚ್ಚಿಕೊಂಡು ಬಂದಿತ್ತು. ಬೆನ್ನು ಮುಗಿಸಿ ಬಗಲಿಗೆ ನಾಲಿಗೆ ಹಾಕಿತು.

"ಲೇ! ಇಡ್ಕಳ್ರೇ ಇದ್ನ! ಹಿಹಿ! ಕೊಂದಾಕ್ತೀನಿ! ಹಿಹಿಹಿ! ಅತ್ಲಾಗ್ ಓಗ್ಲಾ! ಅಯ್ಯೋ, ಹಿಹಿಹಿಹಿ!"

ಅಪ್ಪ ನಗುವುದನ್ನೇ ಕಾಣದ ಗಗನ ಬೆರಗಾಗಿ ನಿಂತಳು. ಕಚಗುಳಿಗೆ ಕುಣಿದ ಕುಣಿತಕ್ಕೆ ತೊಲೆಯ ಹಗ್ಗ ಕಿತ್ತು, ಚೀಲ ಮತ್ತು ಪುಟ್ಟರಾಜು ಜೋಡಿಯಾಗಿ ನೆಲಕ್ಕೆ ಕೂತರು. ಎಮ್ಮೆ ಆರಾಮಾಗಿ ಕಿವಿಗೆ ಬಂತು.

"ಮೂರ್ ನಿಮ್ಸ ಆಯ್ತೇನೇ?" ಕೆಳಗಿನಿಂದ ಗರ್ಜನೆ.

ಗಗನ ಮೊಬೈಲು ನೋಡಿದಳು. "ಒಂದೂ ಆಗಿಲ್ಲ ಕಣಪ್ಪ."

"ಮೋಸ! ಎಮ್ಮೆ ಬರೋದು ಯಾವ ರೂಲ್ಸಲ್ಲದೆ? ಇದು ಲೆಕ್ಕಕ್ಕಿಲ್ಲ! ನಾ ಸೋತಿಲ್ಲ! ನಾಳೆ ಮತ್ತೆ ಗುದ್ತೀನಿ! ಬಿಚ್ಚೇ ಗ್ಲೌಸ!"

ಅಲ್ಲೇ ತೊಡಕು. ಪಾಕ ಕುಡಿದು ಉಬ್ಬಿದ್ದ ದಾರದ ಗಂಟುಗಳು ಉಗುರಿಗೂ ಜಗ್ಗಲಿಲ್ಲ, ಹಲ್ಲಿಗೂ ಜಗ್ಗಲಿಲ್ಲ.

"ಕತ್ರಿ ತತ್ತಾ!"

"ಕತ್ರಿ ಮುಟ್ಟಿದ್ರೆ ನೋಡು! ನನಗೆ ಇರೋದು ಇದೊಂದೇ ಜೊತೆ!" ಈ ಸಲ ಗರ್ಜಿಸಿದ್ದು ಮಗಳು. ರಕ್ತ ಅಪ್ಪನದೇ ತಾನೆ!

"ಬಿಸಿನೀರಿಗೆ ಅದ್ದಿದ್ರೆ ಬಿಟ್ಕತದೆ," ಎಂದಳು ಸುನಿತಾ. "ಒಲೆ ಖಾಲಿ ಆಗ್ಲಿ, ಕಾಯಿಸ್ತೀನಿ. ಮೊದ್ಲು ಉಣ್ಣನ ಬನ್ನಿ."

ಮೈಗೆ ನಾಲ್ಕು ಬಿಂದಿಗೆ ನೀರು ಸುರಿಸಿಕೊಂಡು ಪುಟ್ಟರಾಜು ಊಟಕ್ಕೆ ಕೂತ. ಮುಂದೆ ಬಿಸಿ ಮುದ್ದೆ, ಘಮಘಮ ಬಸ್ಸಾರು. ಹಸಿವು ಕೊಪ್ಪರಿಗೆಯಂತೆ ಕುದಿಯುತ್ತಿದೆ. ಕೈಗಳು ಮಾತ್ರ ಎರಡು ಕುಂಬಳಕಾಯಿ! ಗ್ಲೌಸಿನಿಂದ ಮುದ್ದೆ ಮುರಿಯಹೋದ. ಮುದ್ದೆ ತಟ್ಟೆಯಾಚೆ ಉರುಳಿತು.

ಸುನಿತಾ ಮೆಲ್ಲಗೆ ತುತ್ತು ಮುರಿದು, ಸಾರಿಗೆ ಅದ್ದಿ, ಗಂಡನ ಮೀಸೆಯ ಹತ್ತಿರ ತಂದು ನಿಲ್ಲಿಸಿದಳು.

"ನಾಳೆ ಬೆಳಿಗ್ಗೆ ಮಗೀನ ಬಿಟ್ ಬತ್ತೀರಾ?"

"ಪ್ರಾಣ ಓದ್ರೂ ಇಲ್ಲ!"

"ಸರಿ." ತುತ್ತು ಆಕೆಯ ಬಾಯಿಗೇ ಹೋಯಿತು. ಇನ್ನೊಂದು ಮುರಿದಳು, ಅದ್ದಿದಳು, ತಂದು ನಿಲ್ಲಿಸಿದಳು.

ಪುಟ್ಟರಾಜು ತುಟಿ ಬಿಗಿದ. ಮುಖ ತಿರುಗಿಸಿದ. ತುತ್ತೂ ಜೊತೆಯಲ್ಲೇ ತಿರುಗಿತು. ಸಾರಿನ ಒಗ್ಗರಣೆ ಮೂಗಿಗೆ ನುಗ್ಗಿತು. ಕೊನೆಗೆ, "ಏನಾದ್ರೂ ಸರಿ, ನಾ ಮಾತ್ರ—" ಎಂದು ಗುಡುಗಲು ಬಾಯಿ ತೆರೆದ.

ತುತ್ತು ಒಳಗೆ ಹೋಯಿತು.

"ಒಪ್ಕಂಡ್ರು ಕಣಮ್ಮಿ!" ಸುನಿತಾ ಮುಂದಿನ ತುತ್ತು ಅದ್ದುತ್ತಾ ಹೇಳಿದಳು. "ಅಲಾರಾಂ ಇಟ್ಕೊ."